ಅಜಿಲಿಟಿ: ಕೆಂಚಿ ನೋಡುವುದು ನನ್ನ ಕಾಲನ್ನು

ಅಜಿಲಿಟಿ ಅಂದರೆ ಜಂಪ್, ಟನಲ್, ಕಂಬಗಳ ಸಾಲು ಇಂಥ ಅಡೆತಡೆಗಳನ್ನು ನಾಯಿ ದಾಟುತ್ತಾ ಓಡುವ, ನಾವು ಜೊತೆಗೆ ಓಡಿ ದಾರಿ ತೋರಿಸುವ ಆಟ. ನೋಡಲು ಬಂದವರೆಲ್ಲ ನಾಯಿಯನ್ನೇ ನೋಡುತ್ತಾರೆ. ನಾನು ಪಕ್ಕದಲ್ಲಿ ಓಡುವವರ ಕಾಲು ನೋಡುತ್ತೇನೆ. ಯಾಕೆಂದರೆ ಈ ಆಟದಲ್ಲಿ ದಾರಿ ಗೊತ್ತಿರುವುದು ನಮಗೆ ಮಾತ್ರ, ನಾಯಿಗಲ್ಲ. ಪ್ರತಿ ಸಲ ಕೋರ್ಸ್ ಹೊಸದು. ಜಡ್ಜ್ ಇಟ್ಟ ನಂಬರ್ ಕ್ರಮದಲ್ಲೇ ಹೋಗಬೇಕು, ನಾಯಿಯನ್ನು ಮುಟ್ಟುವಂತಿಲ್ಲ, ರಿಂಗ್ ಒಳಗೆ ತಿಂಡಿ ತರುವಂತಿಲ್ಲ, ಮುಂದಿನದು ಯಾವುದು ಅಂತ ಓಡುತ್ತಲೇ ಅದಕ್ಕೆ ತಿಳಿಸಬೇಕು. ನಾವು ಬಾಯಲ್ಲಿ ಏನು ಕೂಗಿದರೂ ನಾಯಿ ಮೊದಲು ನೋಡುವುದು ನಮ್ಮ ಪಾದ ಮತ್ತು ಭುಜ ಯಾವ ಕಡೆ ತಿರುಗಿವೆ ಅನ್ನುವುದನ್ನು. ನನ್ನ ಅಭ್ಯಾಸವೆಲ್ಲ ಈ ಒಂದು ವಿಷಯದ ಸುತ್ತಲೇ ನಡೆದಿದೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಕೆಂಚಿ ಶೆಲ್ಟರ್‌ನಿಂದ ಬಂದ ಮಿಶ್ರ ತಳಿಯ ಹೆಣ್ಣು ನಾಯಿ. ಈ ಆಟ ಶುರುವಾಗಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ. ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರಿಗೆ ಮನರಂಜನೆ ಇರಲಿ ಅಂತ ಕುದುರೆಗಳ ಜಂಪಿಂಗ್ ಮಾದರಿಯಲ್ಲಿ ನಾಯಿಗಳನ್ನು ಓಡಿಸಿದರು. ಶುದ್ಧ ತಳಿಗಳ ವಂಶಾವಳಿ ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ 1994ರಲ್ಲಿ ಇದನ್ನು ಶುರು ಮಾಡಿತು. ಆದರೆ ಮಿಶ್ರ ತಳಿಗಳನ್ನು ಒಳಗೆ ಬಿಟ್ಟುಕೊಂಡದ್ದು 2010ರಲ್ಲಿ. ಓಡುವ ಆಟಕ್ಕೆ ವಂಶಾವಳಿ ಯಾಕೆ ಬೇಕು, ಅಲ್ವಾ? ಆ ಬಾಗಿಲು ತೆರೆದದ್ದರಿಂದಲೇ ಕೆಂಚಿ ಇವತ್ತು ಬಾರ್ಡರ್ ಕಾಲಿಗಳ ಜೊತೆ ಅದೇ ರಿಂಗ್‌ನಲ್ಲಿ ಓಡುತ್ತಾಳೆ.

15 ತಿಂಗಳು ತುಂಬದ ನಾಯಿಗೆ ಇಲ್ಲಿ ಸ್ಪರ್ಧೆ ಇಲ್ಲ. ಒಳ್ಳೆಯ ನಿಯಮ. ಮೂಳೆ ಇನ್ನೂ ಬೆಳೆಯುತ್ತಿರುವಾಗ ಎತ್ತರಕ್ಕೆ ಹಾರಿಸಬಾರದು. ಅಷ್ಟು ದಿನ ಕೆಂಚಿಗೆ ನೆಲದ ಮೇಲಿನ ಕೆಲಸ ಮಾತ್ರ ಕಲಿಸಿದೆ: ಟನಲ್ ಒಳಗೆ ಓಡುವುದು, ಕೋನ್ ಸುತ್ತಿ ಬರುವುದು, ನಾನು ಮುಂದೆ ಹೋಗುವಾಗ ಕೂತಲ್ಲೇ ಕೂತಿರುವುದು. ಕೊನೆಯದು ಸುಮ್ನೆ ಶಿಸ್ತಿಗಲ್ಲ. ನಾಯಿ ನನಗಿಂತ ಎಷ್ಟೋ ವೇಗವಾಗಿ ಓಡುತ್ತದೆ. ಶುರುವಿನಲ್ಲಿ ಎರಡು ಮೂರು ಜಂಪ್‌ಗಳಷ್ಟು ಮುಂದೆ ಹೋಗಿ ನಿಲ್ಲಲು ಆಗದಿದ್ದರೆ ಆಮೇಲೆ ಪೂರ್ತಿ ಹಿಂದಿನಿಂದಲೇ ಕೂಗುತ್ತಾ ಓಡಬೇಕಾಗುತ್ತದೆ.

ಬಹುಮಾನಕ್ಕೆ ಮನೆಯಲ್ಲೇ ಉಪ್ಪು ಹಾಕದೆ ಮಾಡಿದ ಪನೀರ್‌ನ ಸಣ್ಣ ಸಣ್ಣ ಚೂರು. ಎಳೆದಾಡಲು ಅಪ್ಪನ ಹಳೇ ಪಂಚೆ ಹರಿದು ಜಡೆ ಹೆಣೆದ ಹಗ್ಗ. ಅಂಗಡಿಯ ಯಾವ ಆಟಿಕೆಗೂ ಕೆಂಚಿ ಇಷ್ಟು ಹುಚ್ಚಾಗುವುದಿಲ್ಲ. ಅಭ್ಯಾಸ ಒಂದು ಸಲಕ್ಕೆ ಕೆಲವೇ ನಿಮಿಷ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸುತ್ತೇನೆ.

ಜಾಸ್ತಿ ಸಮಯ ಹಿಡಿದದ್ದು ವೀವ್ ಪೋಲ್, ಅಂದರೆ ನಾಯಿ ಅಂಕುಡೊಂಕಾಗಿ ನುಸುಳಿ ಹೋಗಬೇಕಾದ ಕಂಬಗಳು. ಸಾಲಾಗಿ 12 ಕಂಬ, ಒಂದೊಂದರ ನಡುವೆ 24 ಇಂಚು. ಹೊಸಬರ ತರಗತಿಯಲ್ಲಿ 6 ಕಂಬ ಸಾಕು. ನಾಯಿ ಎತ್ತಲಿಂದ ಬಂದರೂ ಮೊದಲ ಕಂಬ ಅದರ ಎಡ ಭುಜದ ಪಕ್ಕಕ್ಕೆ ಬರುವಂತೆಯೇ ಒಳಗೆ ನುಗ್ಗಬೇಕು. ಕಂಬಗಳನ್ನು ಎರಡು ಸಾಲಾಗಿ ಅಗಲಿಸಿ, ನಾಯಿಯನ್ನು ನಡುವೆ ಓಡಿಸಿ, ದಿನದಿನಕ್ಕೆ ಹತ್ತಿರ ತರುವ ವಿಧಾನ ಒಂದಿದೆ. ನಾನು ಅದನ್ನು ಹಿಡಿಯಲಿಲ್ಲ. ಬರೀ ಎರಡು ಕಂಬದಿಂದ ಶುರು ಮಾಡುವ ವಿಧಾನ ಹಿಡಿದೆ. ಎರಡು ಕಂಬ ನೆಟ್ಟು ಸುಮ್ಮನೆ ನಿಂತೆ. ಅವುಗಳ ನಡುವೆ ಅವಳೇ ಹಾದುಹೋದ ಕೂಡಲೇ ಹಗ್ಗವನ್ನು ಮುಂದಕ್ಕೆ ಎಸೆದೆ. ನನ್ನ ಕಡೆಗಲ್ಲ, ಕಂಬಗಳ ಸಾಲಿನ ದಿಕ್ಕಿಗೆ. ಇದು ಬಹಳ ಮುಖ್ಯ, ಯಾಕೆಂದರೆ ಬಹುಮಾನ ನಮ್ಮ ಕೈಯಿಂದ ಬಂದರೆ ನಾಯಿ ನಮ್ಮನ್ನೇ ನೋಡುತ್ತಾ ಕಂಬದಿಂದ ಹೊರಗೆ ಬರುತ್ತದೆ, ಮುಂದೆ ಬಿದ್ದರೆ ಮುಂದೆಯೇ ನೋಡುತ್ತದೆ. ಆಮೇಲೆ ನಾನು ಜಾಗ ಬದಲಿಸುತ್ತಾ ಹೋದೆ: ಎಡದಿಂದ ಕಳಿಸು, ಬಲದಿಂದ ಕಳಿಸು, ಓರೆಯಾಗಿ ಕಳಿಸು. ಎಲ್ಲ ಕೋನದಿಂದಲೂ ಒಳದಾರಿ ಹುಡುಕಲು ಬಂದ ಮೇಲೆ ಇನ್ನೆರಡು ಕಂಬ. ನಿಧಾನದ ದಾರಿ, ಆದರೆ ಇವತ್ತು ವೀವ್ ಕಡೆಗೆ ಅವಳನ್ನು ಕಳಿಸಿ ನಾನು ಬೇರೆ ಕಡೆ ಓಡಬಹುದು. ಅದು ಅವಳ ಕೆಲಸ, ಅವಳೇ ಮಾಡುತ್ತಾಳೆ.

ಡಾಗ್ ವಾಕ್ ಅಂದರೆ 4 ಅಡಿ ಎತ್ತರದಲ್ಲಿ 12 ಇಂಚು ಅಗಲದ ಹಲಗೆ. ಇಳಿಯುವಾಗ ಕೊನೆಯ ಹಳದಿ ಭಾಗವನ್ನು ಪಾದ ಮುಟ್ಟಲೇಬೇಕು. ಮೇಲಿಂದಲೇ ನೆಗೆದು ಬೀಳದಿರಲಿ ಅಂತ ಈ ನಿಯಮ. ಹಿಂದಿನ ಎರಡು ಕಾಲು ಹಲಗೆಯ ಮೇಲೆ, ಮುಂದಿನ ಎರಡು ನೆಲದ ಮೇಲೆ ಇಟ್ಟು ನಿಲ್ಲುವುದನ್ನು ನಾನು ಮನೆಯ ಮೆಟ್ಟಿಲ ಕೊನೆಯ ಮೆಟ್ಟಿಲಲ್ಲೇ ಕಲಿಸಿದೆ. ಸೀಸಾ, ಅಂದರೆ ಮಕ್ಕಳ ಏರಿಳಿತದ ಹಲಗೆಯಂಥದ್ದು, ಬೇರೆ ಥರ. ಅಲ್ಲಿ ನಾಯಿ ಹೆದರುವುದು ಎತ್ತರಕ್ಕಲ್ಲ, ಹಲಗೆ ನೆಲಕ್ಕೆ ಬಡಿಯುವ ಸದ್ದಿಗೆ. ಹಲಗೆಯ ತುದಿಯ ಕೆಳಗೆ ದಪ್ಪ ಚಾಪೆ ಇಟ್ಟು, ಅವಳೇ ಕಾಲಿಟ್ಟು ದಪ್ ಅನ್ನಿಸಿದರೆ ಪನೀರ್ ಕೊಟ್ಟೆ. ಸದ್ದು ಮಾಡುವುದೇ ಆಟ ಅಂತಾಯಿತು. ಆಮೇಲೆ ಚಾಪೆ ತೆಗೆದೆ.

ಇನ್ನು ನನ್ನ ಕಾಲಿನ ವಿಷಯ. ನಾಯಿಯ ಮುಂದೆ, ಅದಕ್ಕೆ ಮುಖ ಮಾಡಿ ತಿರುಗಿ ಪಕ್ಕ ಬದಲಿಸುವುದು ಫ್ರಂಟ್ ಕ್ರಾಸ್. ಹಿಂದಿನಿಂದ ದಾಟಿ ಬದಲಿಸುವುದು ರಿಯರ್ ಕ್ರಾಸ್. ಕೇಳಲು ಸುಲಭ. ಆದರೆ ನಾಯಿ ತಾನು ಯಾವ ಕಡೆ ತಿರುಗಬೇಕು ಅಂತ ನಿರ್ಧರಿಸುವುದು ನೆಲ ಬಿಡುವ ಮೊದಲು. ಗಾಳಿಯಲ್ಲಿರುವಾಗ ನಾನು ತಿರುಗಿದರೆ ಅದು ಅಗಲವಾಗಿ ಸುತ್ತು ಹೊಡೆಯುತ್ತದೆ, ಇಲ್ಲವೇ ನಡುವೆ ಮೈ ತಿರುಗಿಸಿ ಜಂಪ್‌ನ ಅಡ್ಡಕೋಲನ್ನು, ಅಂದರೆ ಬಾರ್ ಅನ್ನು, ಬೀಳಿಸುತ್ತದೆ. ಇಲ್ಲಿ ಬಾರ್ ಬಿದ್ದರೆ ಆ ಓಟಕ್ಕೆ ಕ್ಯೂ ಇಲ್ಲ. ಅಂದರೆ ಪಾಸ್ ಇಲ್ಲ. ಆದ್ದರಿಂದ ಕೆಂಚಿ ನೆಲ ಬಿಡುವ ಮೊದಲೇ ನನ್ನ ತಿರುವು ಮುಗಿದಿರಬೇಕು. ಇದನ್ನು ನಾಯಿ ಇಲ್ಲದೆಯೇ ಅಭ್ಯಾಸ ಮಾಡುತ್ತೇನೆ. ಹಿತ್ತಲಲ್ಲಿ ಕೋನ್ ಇಟ್ಟು, ಫೋನ್‌ನಲ್ಲಿ ವಿಡಿಯೋ ಹಾಕಿಕೊಂಡು, ಒಬ್ಬನೇ ಕೈ ಚಾಚಿ ಓಡುತ್ತೇನೆ. ಊರಿಂದ ಬಂದಿದ್ದ ಅಮ್ಮ ಕಿಟಕಿಯಿಂದ ನೋಡಿ, "ನಾಯಿ ಮಲಗಿದೆ, ನೀನು ಯಾರ ಜೊತೆ ಓಡ್ತಿದ್ದೀಯೋ?" ಅಂತ ಕೇಳಿದಳು. ಆಮೇಲೆ ಅವಳೇ ಫೋನ್ ಹಿಡಿದು ವಿಡಿಯೋ ತೆಗೆದುಕೊಟ್ಟಳು.

ಸ್ಪರ್ಧೆಯ ದಿನ ಓಟಕ್ಕೆ ಮೊದಲು ನಾಯಿಗಳಿಲ್ಲದೆ ಕೋರ್ಸ್ ನಡೆದು ನೋಡಲು ಸ್ವಲ್ಪ ಹೊತ್ತು ಬಿಡುತ್ತಾರೆ. ಮೊದಲ ಸುತ್ತಿನಲ್ಲಿ ನಂಬರ್ ನೆನಪಿಟ್ಟುಕೊಳ್ಳುತ್ತೇನೆ. ಎರಡನೇ ಸುತ್ತಿನಲ್ಲಿ ಅಲ್ಲಲ್ಲಿ ಕೆಂಚಿಯ ಎತ್ತರಕ್ಕೆ ಬಗ್ಗಿ ನೋಡುತ್ತೇನೆ. ಜಂಪ್ ದಾಟಿದ ಮೇಲೆ ಅವಳ ಕಣ್ಣಿಗೆ ನೇರ ಕಾಣುವುದು ಟನಲ್ ಬಾಯಿ ಆಗಿದ್ದು, ನಾವು ಹೋಗಬೇಕಾದ್ದು ಪಕ್ಕಕ್ಕೆ ಆಗಿದ್ದರೆ, ಅಲ್ಲಿ ನಾನು ಬೇಗ ತಿರುಗಲೇಬೇಕು. ಆಮೇಲೆ ಕಣ್ಣು ಮುಚ್ಚಿ ಒಂದು ಸಲ ಮನಸ್ಸಿನಲ್ಲೇ ಓಡುತ್ತೇನೆ. ಕೆಂಚಿಗೆ ಕ್ರೇಟ್ ನೆರಳಿನಲ್ಲಿ, ಫ್ಯಾನ್ ಜೊತೆ. ಓಟಕ್ಕೆ ಮುಂಚೆ ಚುರುಕು ನಡಿಗೆ, ಎರಡೂ ಕಡೆ ಸುತ್ತುವುದು, ಒಂದೆರಡು ಸಣ್ಣ ಜಂಪ್. ಓಟ ಮುಗಿದ ಮೇಲೆ ಮತ್ತೆ ನಡಿಗೆ. ಇದನ್ನು ಬಿಡುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಸ್ನಾಯು ನೋವು ನಾಯಿ ಬಾಯಿಬಿಟ್ಟು ಹೇಳುವುದಿಲ್ಲ.

ಹೊಸಬರ ತರಗತಿಯಲ್ಲಿ 100ಕ್ಕೆ 85 ಅಂಕ ಬಂದರೆ ಕ್ಯೂ. ಮೂರು ಕ್ಯೂ, ಅದೂ ಕನಿಷ್ಠ ಇಬ್ಬರು ಬೇರೆ ಬೇರೆ ಜಡ್ಜ್‌ಗಳ ಕೈಯಲ್ಲಿ ಬಂದರೆ ಟೈಟಲ್. ಎಲ್ಲಕ್ಕಿಂತ ಮೇಲಿನ ತರಗತಿಯಾದ ಮಾಸ್ಟರ್ಸ್‌ನಲ್ಲಿ 100ಕ್ಕೆ 100 ಬೇಕು. ಕೆಂಚಿಯ ಭುಜದ ಎತ್ತರ 17 ಇಂಚು, ಹಾಗಾಗಿ 16 ಇಂಚಿನ ಬಾರ್ ಹಾರುತ್ತಿದ್ದಳು. ಈಗ ವಯಸ್ಸಾಗುತ್ತಿದೆ ಅಂತ 4 ಇಂಚು ಕಡಿಮೆಯ ಪ್ರಿಫರ್ಡ್ ವಿಭಾಗಕ್ಕೆ ತಂದಿದ್ದೇನೆ. ಬಾರ್ ಇಳಿದ ಮೇಲೆ ಅವಳು ಇನ್ನೂ ಜೋರಾಗಿ ಓಡುತ್ತಿದ್ದಾಳೆ. ಫ್ರಂಟ್ ಕ್ರಾಸ್‌ಗೆ ನಾನು ಮುಂದೆ ತಲುಪುವುದೇ ಕಷ್ಟವಾಗಿದೆ. ಅದಕ್ಕೇ ಈ ಚಳಿಗಾಲ ಪೂರ್ತಿ ಹಿತ್ತಲಲ್ಲಿ ರಿಯರ್ ಕ್ರಾಸ್ ಅಭ್ಯಾಸ ನಡೆಸಿದ್ದೇವೆ.