ಮೇಕೆ ಮಣ್ಣು ತಿನ್ನುತ್ತಿದೆಯೇ? ಓಡಿಸುವ ಮುಂಚೆ ಇಷ್ಟು ನೋಡಿ

ಹಾಲು ಕೊಡುವ ಮೇಕೆ ಇದ್ದಕ್ಕಿದ್ದಂತೆ ಗೋಡೆಯ ಸುಣ್ಣ ನೆಕ್ಕುತ್ತದೆ. ಮಣ್ಣಿಗೆ ಬಾಯಿ ಹಾಕುತ್ತದೆ. ಗೂಟ ಕಚ್ಚುತ್ತದೆ, ಪಕ್ಕದ ಮೇಕೆಯ ಕೂದಲು ಕೀಳುತ್ತದೆ. ಆಗ ನಾವು ಸಾಮಾನ್ಯವಾಗಿ ಗದರಿಸಿ ಓಡಿಸುತ್ತೇವೆ, ಇಲ್ಲವೇ ಒಂದು ಟಾನಿಕ್ ಬಾಟಲಿ ತರುತ್ತೇವೆ. ಎರಡರಿಂದಲೂ ಆ ಚಟ ನಿಲ್ಲುವುದಿಲ್ಲ. ಮೈಯಲ್ಲಿ ಏನೋ ಕಡಿಮೆಯಾಗಿದೆ, ಅಥವಾ ಒಳಗೆ ಏನೋ ಸರಿಯಿಲ್ಲ. ಅದೇನು ಅಂತ ಹುಡುಕುವುದಕ್ಕೆ ಒಂದು ಕ್ರಮ ಇದೆ. ಅದೇ ಕ್ರಮದಲ್ಲಿ ಹೋದರೆ ಖರ್ಚೂ ಕಡಿಮೆ, ಮೇಕೆಗೂ ಒಳ್ಳೆಯದು.

ಮೊದಲು: ಯಾವುದಕ್ಕೆ ಗಾಬರಿ ಬೇಡ

ಮೇಕೆ ಬೀದಿಯ ಗೋಡೆಯಿಂದ ಸಿನಿಮಾ ಪೋಸ್ಟರ್ ಕಿತ್ತು ತಿನ್ನುವುದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೆ ಇಷ್ಟ ಆಗುವುದು ಹಿಂದೆ ಬಳಿದ ಮೈದಾ ಅಂಟು. ಕಾಗದವೂ ಮರದ ನಾರಿನಿಂದಲೇ ಆದದ್ದು, ಮೇಕೆಯ ಹೊಟ್ಟೆಗೆ ಅದು ಅಷ್ಟೇನೂ ಹೊಸದಲ್ಲ. ಮೇಲ್ದುಟಿಯಿಂದ ಎಲ್ಲವನ್ನೂ ಮುಟ್ಟಿ ನೋಡುವುದು ಮೇಕೆಯ ಹುಟ್ಟುಗುಣ. ಮುಟ್ಟಿದ್ದನ್ನೆಲ್ಲ ನುಂಗುವುದಿಲ್ಲ.

ಬೆದೆಯ ಕಾಲದಲ್ಲಿ ಹೋತ ತನ್ನ ಗಡ್ಡಕ್ಕೆ, ಮುಖಕ್ಕೆ ತಾನೇ ಮೂತ್ರ ಹಾರಿಸಿಕೊಳ್ಳುತ್ತದೆ. ಹೆಣ್ಣು ಮೇಕೆಯ ಮೂತ್ರ ಮೂಸಿ ತುಟಿ ಮೇಲಕ್ಕೆತ್ತಿ ನಿಲ್ಲುತ್ತದೆ. ಇದು ರೋಗವಲ್ಲ. ಈದ ಮೇಕೆ ತನ್ನ ಕಸ (ಮಾಸು) ತಿನ್ನಲು ಹೋಗುವುದೂ ಸಹಜವೇ. ಆದರೂ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಬಿದ್ದ ತಕ್ಷಣ ತೆಗೆದು ಹೂತುಬಿಡಿ.

ಚಿಂತೆ ಮಾಡಬೇಕಾದದ್ದು ದಿನವೂ ಮಣ್ಣು ತಿನ್ನುವುದು, ಗೋಡೆ ನೆಕ್ಕುವುದು, ಮೂಳೆ ಕಡಿಯುವುದು, ಪ್ಲಾಸ್ಟಿಕ್ ನುಂಗುವುದು, ಹೆಣ್ಣು ಮೇಕೆ ಮೂತ್ರ ಕುಡಿಯುವುದು. ಒಂದೇ ಮೇಕೆ ಹೀಗೆ ಮಾಡುತ್ತಿದೆಯಾ, ಇಡೀ ಹಿಂಡಾ ಅಂತ ಗಮನಿಸಿ. ಒಂದೇ ಆದರೆ ಹುಳುವೋ ಕಾಯಿಲೆಯೋ ಇರಬಹುದು. ಹಿಂಡಿಗೆ ಹಿಂಡೇ ನೆಕ್ಕುತ್ತಿದ್ದರೆ ತಪ್ಪು ಗೋದಲಿಯಲ್ಲಿದೆ. ಕೊಟ್ಟಿಗೆಯ ಗೋಡೆಯನ್ನೇ ಹತ್ತಿರ ಹೋಗಿ ನೋಡಿ: ನಮ್ಮ ಮಂಡಿಯಿಂದ ಸೊಂಟದವರೆಗಿನ ಎತ್ತರದಲ್ಲಿ ಸುಣ್ಣ ಕಿತ್ತುಹೋಗಿ, ಗಾರೆ ನುಣ್ಣಗೆ ಹೊಳೆಯುತ್ತಿದ್ದರೆ ಈ ಚಟ ನಿನ್ನೆ ಮೊನ್ನೆಯದಲ್ಲ.

ಎರಡನೆಯದು: ಕಣ್ಣಿನ ರೆಪ್ಪೆ

ಟಾನಿಕ್‌ಗೆ ದುಡ್ಡು ಕೊಡುವ ಮುಂಚೆ ಮಾಡಬೇಕಾದ ಕೆಲಸ ಇದು. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಸುಮ್ನೆ.

ಮೇಕೆಯನ್ನು ಬೆಳಕಿಗೆ ತನ್ನಿ, ಬಿಸಿಲಾದರೆ ಇನ್ನೂ ಒಳ್ಳೆಯದು. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಮೇಲೆ ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆ ಕೆಳಗೆಳೆಯಿರಿ. ಒಳಗಿನ ತೆಳು ಚರ್ಮ ಹೊರಗೆ ಬರುತ್ತದೆ. ಅದು ಕೆಂಪಾಗಿದ್ದರೆ ಸರಿ. ತಿಳಿ ಗುಲಾಬಿಯಾಗಿದ್ದರೆ ಎಚ್ಚರ. ಕಾಗದದ ಹಾಗೆ ಬಿಳಿಚಿದ್ದರೆ ರಕ್ತ ಬಹಳ ಕಡಿಮೆಯಾಗಿದೆ, ಅವತ್ತೇ ಡಾಕ್ಟರಿಗೆ ತೋರಿಸಬೇಕು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ 'ಫಮಾಚಾ' ಅಂತ ಐದು ಬಣ್ಣಗಳ ಕಾರ್ಡನ್ನೇ ಮಾಡಿದರು. ಈಗ ಅದು ಬೇರೆ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ.

ರಕ್ತ ಹೀರುವುದು ಮುಖ್ಯವಾಗಿ ಹಿಮಾಂಕಸ್ ಎಂಬ ಜಂತುಹುಳು. ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ. ರಕ್ತ ಕಡಿಮೆಯಾದ ಮೇಕೆ ಮಣ್ಣಿಗೆ ಬಾಯಿ ಹಾಕುವುದು ಸಾಮಾನ್ಯ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊದಿದ್ದರೂ ಇದೇ ಅನುಮಾನ. ಮಣ್ಣು ತಿಂದಷ್ಟೂ ಹುಳುವಿನ ಮರಿಗಳು ಮತ್ತೆ ಒಳಗೆ ಹೋಗುತ್ತವೆ. ಚಕ್ರ ಹಾಗೇ ತಿರುಗುತ್ತದೆ.

ಜಂತುಹುಳು ಔಷಧಿಯನ್ನು ಅಂದಾಜಿನಲ್ಲಿ ಕುಡಿಸಬೇಡಿ. ಕೆಲವು ಔಷಧಿಗಳನ್ನು ಮೇಕೆಯ ಮೈ ಕುರಿಗಿಂತ ಬೇಗ ಹೊರಹಾಕುತ್ತದೆ, ಅದಕ್ಕೇ ಕುರಿಯ ಅಳತೆ ಮೇಕೆಗೆ ಸಾಲದೇ ಹೋಗಬಹುದು. ಕಡಿಮೆ ಕುಡಿಸಿದರೆ ಹುಳು ಸಾಯುವುದಿಲ್ಲ, ಔಷಧಿಗೇ ಒಗ್ಗಿಕೊಳ್ಳುತ್ತದೆ. ತೂಕ ಹೇಳಿ ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು. ಔಷಧಿ ಕುಡಿಸಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತಲೂ ಕೇಳಿ.

ಮೂರನೆಯದು: ಉಪ್ಪು, ಖನಿಜ

ರೆಪ್ಪೆ ಕೆಂಪಾಗಿದೆ, ಹಿಕ್ಕೆ ಗುಂಡುಗುಂಡಾಗಿ ಬಿಡಿಬಿಡಿಯಾಗಿದೆ, ಆದರೂ ಗೋಡೆ ನೆಕ್ಕುತ್ತಿದೆ ಅಂದರೆ ಉಪ್ಪಿನ ಕಡೆ ತಿರುಗಿ. ಸೊಪ್ಪು ಸದೆಯಲ್ಲಿ ಸೋಡಿಯಂ ತೀರಾ ಕಡಿಮೆ, ಹಾಲಿನಲ್ಲಿ ಅದು ದಿನಾ ಹೊರಗೆ ಹೋಗುತ್ತಿರುತ್ತದೆ. ಗೋಡೆ, ಮೂತ್ರ, ನಮ್ಮ ಬೆವರಿದ ಕೈ ನೆಕ್ಕುವುದಕ್ಕೆ ಮೊದಲ ಕಾರಣ ಇದೇ. ಪ್ಲಾಸ್ಟಿಕ್ ಕವರ್ ನುಂಗುವುದೂ ಎಷ್ಟೋ ಸಲ ಅದಕ್ಕೆ ಅಂಟಿದ ಉಪ್ಪು ಸಾರಿನ ರುಚಿಗೆ. ಆದರೆ ನುಂಗಿದ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಗಂಟಾಗಿ ಉಳಿಯುತ್ತದೆ, ಆಪರೇಷನ್ ಮಾಡಿಯೇ ತೆಗೆಯಬೇಕಾಗಬಹುದು. ಕೊಟ್ಟಿಗೆಯ ಸುತ್ತ ಕವರ್ ಬೀಳದಂತೆ ನೋಡಿಕೊಳ್ಳಿ.

ಮೂಳೆ ಕಡಿಯುವುದು ರಂಜಕದ ಕೊರತೆಯ ಗುರುತು. ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ರಂಜಕ ಕಡಿಮೆ. ಬೇಸಿಗೆಯಲ್ಲಿ ಬರೀ ಒಣಹುಲ್ಲು ತಿಂದ ಹಿಂಡಿನಲ್ಲಿ ಈ ಚಟ ಕಾಣುತ್ತದೆ. ಕೊಳೆತ ಮೂಳೆಯಿಂದ ಪ್ರಾಣ ತೆಗೆಯುವ ವಿಷವೂ ಹೊಟ್ಟೆ ಸೇರಬಹುದು. ಕಪ್ಪು ಮೇಕೆಯ ಕೂದಲು ಕೆಂಚಾಗಿ ಒರಟಾದರೆ, ಹುಟ್ಟಿದ ಮರಿಗಳ ಹಿಂಗಾಲು ತೂರಾಡಿದರೆ ತಾಮ್ರ ಸಾಲದು ಅಂತ ಅನುಮಾನಿಸಿ.

ದೊಡ್ಡ ಮೇಕೆಗೆ ದಿನಕ್ಕೆ 10ರಿಂದ 15 ಗ್ರಾಂ ಖನಿಜ ಮಿಶ್ರಣ, 5ರಿಂದ 10 ಗ್ರಾಂ ಉಪ್ಪು ಬೇಕು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಆಯಾ ಪ್ರದೇಶದ ಮೇವಿನಲ್ಲಿ ಏನು ಕಡಿಮೆಯೋ ಅದಕ್ಕೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಕುರಿ, ಮೇಕೆ ಒಟ್ಟಿಗೆ ಸಾಕುವವರು ಗಮನಿಸಿ: ಮೇಕೆಗೆ ಬೇಕಾಗುವಷ್ಟು ತಾಮ್ರ ಕುರಿಗೆ ವಿಷವಾಗಬಹುದು. ಬೇರೆ ಬೇರೆ ಕೊಡಿ.

ನಾಲ್ಕನೆಯದು: ನಾರು ಮತ್ತು ಸೊಪ್ಪು

ಮೇಕೆ ಹಸುವಿನಂತೆ ತಲೆ ತಗ್ಗಿಸಿ ಮೇಯುವ ಪ್ರಾಣಿ ಅಲ್ಲ. ಮುಂಗಾಲೆತ್ತಿ ಕೊಂಬೆ ಬಗ್ಗಿಸಿ, ಎಲೆ ಆರಿಸಿ ತಿನ್ನುತ್ತದೆ. ಅದನ್ನು ಕಟ್ಟಿಹಾಕಿ ಹಿಂಡಿ ಬೂಸಾ ಮಾತ್ರ ಕೊಟ್ಟರೆ ಅಗಿಯುವುದಕ್ಕೆ ಏನೂ ಇರುವುದಿಲ್ಲ. ಆಗ ಗೂಟ, ಬಾಗಿಲು, ಪಕ್ಕದ ಮೇಕೆಯ ಕೂದಲು ಬಾಯಿಗೆ ಹೋಗುತ್ತವೆ.

ಸೊಪ್ಪನ್ನು ನೆಲಕ್ಕೆ ಹಾಕಬೇಡಿ, ತುಳಿದದ್ದನ್ನು ಮೇಕೆ ತಿನ್ನುವುದಿಲ್ಲ. ಕೊಂಬೆಸಮೇತ ಅದರ ತಲೆಯ ಎತ್ತರಕ್ಕೆ ಕಟ್ಟಿ. ಅಗಸೆ, ನುಗ್ಗೆ, ಹಲಸು, ಆಲ, ಜಾಲಿ, ಹೀಗೆ ಬದಲಾಯಿಸುತ್ತಿರಿ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ರೇಷ್ಮೆ ಹುಳು ಮನೆಯಲ್ಲಿ ಮಿಕ್ಕ ಹಿಪ್ಪುನೇರಳೆ ಕಡ್ಡಿ ಸಿಗುತ್ತದೆ, ತುಂಬಾ ಒಳ್ಳೆಯ ಮೇವು. ಸುಣ್ಣವೋ ಸೋಂಕುನಿವಾರಕ ಪುಡಿಯೋ ಉದುರಿಸಿದ ತಟ್ಟೆಯದ್ದು ಮಾತ್ರ ಬೇಡ.

ಸುಬಾಬುಲ್ ಹಸಿಮೇವಿನಲ್ಲಿ ಮೂರನೇ ಒಂದು ಪಾಲು ಮೀರದಿರಲಿ, ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶ ಇದೆ. ಹವಾಯಿಯ ಮೇಕೆಗಳು ಅದನ್ನು ತಿಂದರೂ ಆರಾಮಾಗಿರುವುದನ್ನು ಕಂಡ ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್, ಅವುಗಳ ಹೊಟ್ಟೆಯ ಸೂಕ್ಷ್ಮಜೀವಿಗಳೇ ಆ ವಿಷ ಅರಗಿಸುತ್ತವೆ ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟರು. ಅಂಥ ಒಂದು ಬ್ಯಾಕ್ಟೀರಿಯಾಕ್ಕೆ ಅವರ ಹೆಸರೇ ಬಂತು. ಲಂಟಾನ, ಕಣಗಿಲೆ, ನೀರಿಲ್ಲದೆ ಬಾಡಿದ ಎಳೆ ಜೋಳದ ಪೈರಿನ ಹತ್ತಿರ ಮೇಕೆ ಬಿಡಲೇಬೇಡಿ.

ಐದನೆಯದು: ಲೆಕ್ಕ

40 ಕೆ.ಜಿ. ತೂಗುವ, ದಿನಕ್ಕೆ 1 ಲೀಟರ್ ಹಾಲು ಕೊಡುವ ಮೇಕೆಗೆ ಸುಮಾರು 4 ಕೆ.ಜಿ. ಹಸಿ ಸೊಪ್ಪು, ಅರ್ಧ ಕೆ.ಜಿ. ತೊಗರಿ, ಹುರುಳಿ ಅಥವಾ ಶೇಂಗಾ ಹೊಟ್ಟು, 600 ಗ್ರಾಂ ಕೈತಿಂಡಿ. ಕೈತಿಂಡಿಯನ್ನು ಎರಡು ಹೊತ್ತಿಗೆ ಹಂಚಿ. ಯಾವಾಗಲೂ ಚೊಕ್ಕ ನೀರು ಇರಲಿ.

10 ಕೆ.ಜಿ. ಕೈತಿಂಡಿಗೆ: ನುಚ್ಚು ಮಾಡಿದ ಮೆಕ್ಕೆಜೋಳ 4 ಕೆ.ಜಿ., ಕಡಲೆಕಾಯಿ ಹಿಂಡಿ ಎರಡೂವರೆ, ಗೋಧಿ ಬೂಸಾ 2, ಬೇಳೆ ಚುನ್ನಿ 1 ಕೆ.ಜಿ. 200 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಮೇಲೆ ಹೇಳಿದ ಖನಿಜ, ಉಪ್ಪು ಇದರಲ್ಲೇ ಸೇರಿಹೋಗುತ್ತದೆ. ಬೂಷ್ಟು ಹಿಡಿದ ಹಿಂಡಿ ಹಾಕಬೇಡಿ, ಅದರ ವಿಷ ಹಾಲಿಗೂ ಇಳಿಯುತ್ತದೆ. ಹೋತಕ್ಕೆ ಬೂಸಾ ಜಾಸ್ತಿಯಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಹೊಸ ತಿಂಡಿಗೆ 7ರಿಂದ 10 ದಿನ ತೆಗೆದುಕೊಂಡು ನಿಧಾನವಾಗಿ ಹೊಂದಿಸಿ.

ಮದುವೆ ಮನೆಯಲ್ಲಿ ಮಿಕ್ಕ ಅನ್ನ, ರಾಶಿ ಹಾಕಿದ ಕಾಳು ಮಾತ್ರ ಮೇಕೆಯ ಕೈಗೆ ಸಿಗಬಾರದು. ಒಂದೇ ಸಲ ಹೊಟ್ಟೆ ತುಂಬಾ ತಿಂದರೆ ಒಳಗೆ ಹುಳಿಯಾಗಿ ಒಂದೆರಡು ದಿನದಲ್ಲೇ ಸಾಯಬಹುದು. ತಿಂದದ್ದು ಗೊತ್ತಾದ ಕೂಡಲೇ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ ಅದು. ಏನು ತಿಂದಿದೆ, ಎಷ್ಟು ಹೊತ್ತಾಯಿತು, ಮೆಲುಕು ಹಾಕುತ್ತಿದೆಯಾ, ಗಬ್ಬವಾ ಅಂತ ಹೇಳಿ. ಡಾಕ್ಟರು ಬರುವ ತನಕ ಒಣಹುಲ್ಲು ಬಿಟ್ಟು ಬೇರೇನೂ ಮುಂದಿಡಬೇಡಿ. ಮಲಗಿಬಿಟ್ಟಿದ್ದರೆ ಬಾಯಿಗೆ ಎಣ್ಣೆ, ಕಷಾಯ ಯಾವುದನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.