ರಿವ್ಯೂ ಮಾಡುವವರೇ ಮಾರಿದ ಮೌಸ್: ನನ್ನ ಮೊದಲ ಎರಡು ವಾರ

ಇನ್ನೊಬ್ಬರ ಮೌಸ್‌ನಲ್ಲಿ ಹುಳುಕು ಹುಡುಕುವುದೇ ಕಸುಬಾದವರು ತಾವೇ ಒಂದು ಮೌಸ್ ಮಾಡಿಸಿ ಮಾರಿದರೆ ಹೇಗಿರುತ್ತದೆ? ಈ ಕುತೂಹಲಕ್ಕೆ ಅದನ್ನು ತರಿಸಿದೆ ಅಂತ ಹೇಳಿಕೊಳ್ಳಬಹುದು. ನಿಜ ಏನೆಂದರೆ, ನನ್ನ ಹಳೇ ಮೌಸ್‌ಗೆ ಡಬಲ್ ಕ್ಲಿಕ್ ರೋಗ ಹಿಡಿದು ಮೂರು ತಿಂಗಳಾಗಿತ್ತು. ಆಟದಲ್ಲಿ ಒಂದು ಸಲ ಒತ್ತಿದರೆ ಎರಡು ಗುಂಡು ಹಾರುತ್ತಿದ್ದವು. ಫೈಲ್ ಹಿಡಿದು ಎಳೆದರೆ ಅರ್ಧ ದಾರಿಯಲ್ಲೇ ಕೈಬಿಟ್ಟು, ಯಾವುದೋ ಫೋಲ್ಡರ್‌ನ ಹೊಟ್ಟೆಗೆ ಹೋಗಿ ಬೀಳುತ್ತಿತ್ತು. ಹೊಸದು ಬೇಕೇ ಬೇಕಿತ್ತು. ದುಬಾರಿಯದು ಬೇಡವಾಗಿತ್ತು.

ಯಾವ ಮೌಸ್ ಅಂತ ಹೆಸರು ಹಾಕುವುದಿಲ್ಲ. ನನ್ನ ಕೈಗೆ ಬಂದದ್ದು ಒಂದೇ ಪೀಸ್. ಅದರ ಮೇಲೆ ಒಂದೆರಡು ದೂರುಗಳಿವೆ. ಒಂದು ಪೀಸ್ ನೋಡಿ ಇಡೀ ಅಂಗಡಿಯ ಹೆಸರು ಕೆಡಿಸುವುದು ಸರಿಯಲ್ಲ.

ಡಬ್ಬಿ ಸಣ್ಣದು. ಒಳಗೆ ಮೌಸ್, ಅದರ ಸಂಕೇತ ಹಿಡಿಯಲು ಪಿಸಿಗೆ ಚುಚ್ಚುವ ಡಾಂಗಲ್, ಚಾರ್ಜಿಂಗ್ ಕೇಬಲ್, ಡಾಂಗಲ್ ಅನ್ನು ಕೇಬಲ್ ತುದಿಗೆ ಸಿಕ್ಕಿಸಲು ಒಂದು ಪುಟ್ಟ ಅಡಾಪ್ಟರ್, ಮತ್ತೆ ಅಡಿಗೆ ಅಂಟಿಸುವ ಬಿಳಿ ಸ್ಕೇಟ್‌ಗಳ ಇನ್ನೊಂದು ಜೊತೆ. ಸ್ಟಿಕ್ಕರ್ ಇಲ್ಲ, ಧನ್ಯವಾದದ ಕಾರ್ಡ್ ಇಲ್ಲ. ಹೆಚ್ಚುವರಿ ಸ್ಕೇಟ್ ಇಟ್ಟಿದ್ದಾರಲ್ಲ, ಅದು ಮೌಸ್ ಬಳಸುವವರ ಬುದ್ಧಿ ಅನ್ನಿಸಿತು. ಮೊದಲು ಸವೆಯುವುದು ಅದೇ ತಾನೆ.

ಅಡುಗೆಮನೆಯ ತಕ್ಕಡಿ ತಂದು ತೂಗಿದೆ. 61 ಗ್ರಾಂ. ಡಬ್ಬಿಯ ಮೇಲೆ 60 ಅಂತಿದೆ. ನನ್ನ ಹಳೇದು 96 ಗ್ರಾಂ. ಈ ವ್ಯತ್ಯಾಸ ಮೊದಲ ದಿನ ಖುಷಿ ಕೊಡಲಿಲ್ಲ, ಸಿಟ್ಟು ಬರಿಸಿತು. ಭಾರದ ಮೌಸ್ ನಿಲ್ಲಿಸಲು ಅಭ್ಯಾಸವಾದ ಕೈ ಹಗುರದ್ದನ್ನು ಜಾಸ್ತಿ ತಳ್ಳುತ್ತದೆ. ಪ್ರತಿ ಗುರಿಯನ್ನೂ ದಾಟಿ ಆಚೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತಿದ್ದೆ. ಆದರೆ ಇದಕ್ಕೆ ತೂಕ ಒಂದೇ ಕಾರಣವಲ್ಲ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಬರುತ್ತೇನೆ.

ಆಕಾರದ ಬಗ್ಗೆ ಒಂದು ಮಾತು. ಕೈಯ ಉದ್ದದ ಶೇಕಡಾ 60ರಷ್ಟು ಉದ್ದದ ಮೌಸ್ ಕೊಳ್ಳಿ ಅಂತ ಒಂದು ಲೆಕ್ಕ ಓಡಾಡುತ್ತಿದೆ. ನನ್ನ ಕೈ 18.5 ಸೆಂಟಿಮೀಟರ್, ಲೆಕ್ಕದ ಪ್ರಕಾರ 11 ಸೆಂಟಿಮೀಟರ್ ಮೌಸ್ ಸರಿ. ಇದು 12 ಸೆಂಟಿಮೀಟರ್ ಇದೆ, ಆದರೂ ಹಿತವಾಗಿ ಕೂರುತ್ತದೆ. ಉದ್ದಕ್ಕಿಂತ ಗೂನು ಎಲ್ಲಿದೆ ಅನ್ನುವುದು ಮುಖ್ಯ ಅಂತ ನನ್ನ ಅನುಭವ. ಗೂನು ಹಿಂದೆ ಇದ್ದರೆ ಅಂಗೈಯ ಬುಡಕ್ಕೆ ಆಸರೆ ಸಿಗುತ್ತದೆ, ಬೆರಳು ಬಾಗಿಸಿ ಹಿಡಿಯುವ ಕ್ಲಾ ಗ್ರಿಪ್‌ಗೆ ಅದು ಬೇಕು. ಗೂನು ನಡುವೆ ಇದ್ದರೆ ಇಡೀ ಅಂಗೈ ಊರುವವರಿಗೆ ಚೆನ್ನ. ಇದರದ್ದು ಹಿಂದಿದೆ. ನಾನು ಕ್ಲಾ ಗ್ರಿಪ್‌ನವನು, ಬಚಾವಾದೆ.

ಇನ್ನು ಸೆನ್ಸರ್, ಅಂದರೆ ಮೌಸ್ ಎಷ್ಟು ಸರಿಯಿತು ಅಂತ ಅಡಿಯಿಂದ ಓದುವ ಕಣ್ಣು. ಇದರಲ್ಲಿರುವುದು ಪಿಕ್ಸ್‌ಆರ್ಟ್ ಕಂಪನಿಯ 3311. ಗರಿಷ್ಠ 12,000 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಷ್ಟು ಎಣಿಕೆ ಕಳಿಸುತ್ತದೆ ಅನ್ನುವುದು), ವೇಗದ ಮಿತಿ ಸೆಕೆಂಡಿಗೆ 300 ಇಂಚು. ಅದೇ ಕಂಪನಿಯ 3395ಗೆ 26,000 ಡಿಪಿಐ, 650 ಇಂಚು. ಕಾಗದದ ಮೇಲೆ ನೋಡಿದರೆ ಇದು ಬಡಪಾಯಿ. ಆದರೆ ಸೆಕೆಂಡಿಗೆ 300 ಇಂಚು ಅಂದರೆ ಏಳೂವರೆ ಮೀಟರ್‌ಗೂ ಜಾಸ್ತಿ. ನಾನು ಆ ವೇಗದಲ್ಲಿ ಕೈ ಬೀಸಿದರೆ ಮೌಸ್ ಗೋಡೆಗೆ ಹೋಗಿ ಬಡಿಯುತ್ತದೆ. ಡಿಪಿಐ ಅಂತೂ ನಾನು 800 ಬಿಟ್ಟು ಮೇಲೆ ಹೋದವನೇ ಅಲ್ಲ. ಅಗ್ಗದ ಮೌಸ್ ಅಂದಾಗ ಸೆನ್ಸರ್ ಬಗ್ಗೆ ಹೆದರುವ ಕಾಲ ಹೋಯಿತು ಅನ್ನುವುದು ನನ್ನ ಅಭಿಪ್ರಾಯ.

ಆದರೂ ಅಳೆದೆ. ಡಿಪಿಐ 800ಕ್ಕೆ ಇಟ್ಟರೆ ನಿಜವಾಗಿ 800 ಬರುತ್ತದೆಯೇ? ಇದಕ್ಕೆ ಯಾವ ಯಂತ್ರವೂ ಬೇಡ. ಎರಡು ದಪ್ಪ ಪುಸ್ತಕ, ಒಂದು ಸ್ಕೇಲ್, ವಿಂಡೋಸ್ ಜೊತೆ ಬರುವ ಪೇಂಟ್, ಇಷ್ಟು ಸಾಕು. ಮೌಸ್‌ನ ಅತಿ ಅಗಲದ ಭಾಗ 64 ಮಿಲಿಮೀಟರ್ ಇತ್ತು. ಪ್ಯಾಡ್ ಮೇಲೆ ಎರಡು ಪುಸ್ತಕಗಳನ್ನು 114 ಮಿಲಿಮೀಟರ್ ಅಂತರದಲ್ಲಿ ಗೋಡೆಗಳ ಹಾಗೆ ಇಟ್ಟೆ. ಎಡಗೋಡೆಗೆ ತಾಗಿಸಿದ ಮೌಸ್ ಬಲಗೋಡೆಗೆ ತಾಗುವಷ್ಟರಲ್ಲಿ ಸರಿಯಾಗಿ 5 ಸೆಂಟಿಮೀಟರ್ ಸಾಗಿರುತ್ತದೆ. ಪೇಂಟ್‌ನ ಕೆಳಮೂಲೆಯಲ್ಲಿ ಬಾಣ ಎಷ್ಟನೇ ಪಿಕ್ಸೆಲ್ ಮೇಲಿದೆ ಅಂತ ತೋರಿಸುತ್ತದೆ. 800 ಡಿಪಿಐಗೆ 5 ಸೆಂಟಿಮೀಟರ್‌ನಲ್ಲಿ 1575 ಪಿಕ್ಸೆಲ್ ಬರಬೇಕು. 1920 ಅಗಲದ ಪರದೆಯಲ್ಲಿ ಆರಾಮಾಗಿ ಹಿಡಿಸುತ್ತದೆ.

ಮೊದಲ ಸಲ 1100 ಬಂತು. ಎರಡನೇ ಸಲ 1900 ದಾಟಿತು. ಮೂರನೇ ಸಲ ಇನ್ನೇನೋ. ಸೆನ್ಸರ್ ಕೆಟ್ಟಿದೆ ಅಂದುಕೊಂಡು, ವಾಪಸ್ ಕಳಿಸುವುದು ಹೇಗೆ ಅಂತ ಹುಡುಕಲು ಶುರುಮಾಡಿದ್ದೆ. ಆಮೇಲೆ ತಲೆಗೆ ಹೊಳೆಯಿತು. ವಿಂಡೋಸ್ ಸೆಟ್ಟಿಂಗ್‌ನಲ್ಲಿ 'ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್' ಆನ್ ಆಗಿಯೇ ಇತ್ತು. ಹೆಸರು ನೋಡಿದರೆ ನಿಖರತೆ ಹೆಚ್ಚಿಸುವ ಹಾಗಿದೆ. ಮಾಡುವುದು ಬೇರೆಯೇ: ಕೈ ಬೇಗ ಹೋದರೆ ಬಾಣವನ್ನು ಇನ್ನೂ ಬೇಗ ಓಡಿಸುತ್ತದೆ, ನಿಧಾನ ಹೋದರೆ ಇನ್ನೂ ನಿಧಾನ ಮಾಡುತ್ತದೆ. ಅದನ್ನು ಆಫ್ ಮಾಡಿ, ಪಾಯಿಂಟರ್ ವೇಗದ ಗುಂಡಿಯನ್ನು ಸರಿಯಾಗಿ ನಡುವೆ ಇಟ್ಟೆ. ಪರದೆಯ ಸ್ಕೇಲಿಂಗ್ ಶೇಕಡಾ 100ಕ್ಕೆ ತಂದು ಮತ್ತೆ ಹತ್ತು ಸಲ ಅಳೆದೆ.

ಸರಾಸರಿ 1640. ಅಂದರೆ 800 ಅಂತ ಬರೆದಿದ್ದರೂ ನಿಜದಲ್ಲಿ 833. ಹಳೇ ಮೌಸ್‌ಗೂ ಇದೇ ಪರೀಕ್ಷೆ ಮಾಡಿದೆ, ಅದು 1560, ಅಂದರೆ 792. ಎರಡನ್ನೂ ಇಟ್ಟದ್ದು 800ಕ್ಕೇ. ಆದರೆ ಹೊಸದು ಹಳೇದಕ್ಕಿಂತ ಶೇಕಡಾ 5ರಷ್ಟು ಜಾಸ್ತಿ ಓಡುತ್ತದೆ. ನಾನು ಗುರಿ ದಾಟಿ ಹೋಗುತ್ತಿದ್ದುದಕ್ಕೆ ಅರ್ಧ ಉತ್ತರ ಇಲ್ಲಿತ್ತು. ನಾನು ಆಡುವ ಶೂಟಿಂಗ್ ಆಟ ವ್ಯಾಲರಂಟ್‌ನಲ್ಲಿ ನನ್ನ ಸೆನ್ಸಿಟಿವಿಟಿ, ಅಂದರೆ ಕೈ ಸರಿದಷ್ಟಕ್ಕೆ ನೋಟ ಎಷ್ಟು ತಿರುಗಬೇಕು ಅನ್ನುವ ಅಂಕೆ, 0.40. ಹಳೇ ಮೌಸ್‌ನಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ಸುಮಾರು 41 ಸೆಂಟಿಮೀಟರ್ ಕೈ ಓಡಬೇಕಿತ್ತು. ಹೊಸದರಲ್ಲಿ 39ಕ್ಕೇ ತಿರುಗಿಬಿಡುತ್ತಿತ್ತು. 0.38 ಮಾಡಿದೆ. ಮಾರನೇ ದಿನದ ಆಟದಲ್ಲಿ ಕೈ ಮನೆಗೆ ಬಂದ ಹಾಗಾಯಿತು.

ಇಷ್ಟು ವ್ಯತ್ಯಾಸ ಯಾವ ಮೌಸ್‌ನಲ್ಲಾದರೂ ಇರಬಹುದು, ಇದನ್ನು ನಾನು ದೋಷ ಅನ್ನುವುದಿಲ್ಲ. ಆದರೆ ಮೌಸ್ ಬದಲಿಸಿದ ಮೇಲೆ 'ನನ್ನ ಏಮ್ ಹಾಳಾಯಿತು' ಅನ್ನುವವರು ಒಂದು ಸಲ ಪುಸ್ತಕಗಳ ನಡುವೆ ಇಟ್ಟು ನೋಡಲಿ.

ಮೌಸ್ ಎತ್ತಿದಾಗ ಎಷ್ಟು ಎತ್ತರದಲ್ಲಿ ಓದುವುದು ನಿಲ್ಲಿಸುತ್ತದೆ ಅನ್ನುವುದನ್ನೂ ನೋಡಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೇ ಸಿಡಿಗಳು ಇದಕ್ಕೆ ಉಪಯೋಗಕ್ಕೆ ಬಂದವು. ಒಂದು ಸಿಡಿ 1.2 ಮಿಲಿಮೀಟರ್ ದಪ್ಪ. ಮೌಸ್‌ನ ಮುಂದಿನ ಕಾಲಿಗೊಂದು, ಹಿಂದಿನ ಕಾಲಿಗೊಂದು ಇಟ್ಟು, ಸೆನ್ಸರ್ ನಡುವಿನ ಖಾಲಿ ಜಾಗದ ಮೇಲೆ ಬರುವ ಹಾಗೆ ಮಾಡಬೇಕು. ಸಾಫ್ಟ್‌ವೇರ್‌ನಲ್ಲಿ 2 ಮಿಲಿಮೀಟರ್‌ಗೆ ಇಟ್ಟಾಗ ಒಂದು ಸಿಡಿ ಎತ್ತರದಲ್ಲಿ ಬಾಣ ಓಡಿತು, ಎರಡು ಸಿಡಿ ಪೇರಿಸಿದಾಗ ನಿಂತಿತು. 1ಕ್ಕೆ ಇಳಿಸಿದಾಗ ಒಂದೇ ಸಿಡಿಗೆ ನಿಂತಿತು. ಹೇಳಿದ್ದನ್ನೇ ಮಾಡುತ್ತಿದೆ, ಮುಗಿಯಿತು.

ವೈರ್‌ಲೆಸ್ ವಿಷಯದಲ್ಲಿ ತಪ್ಪು ನನ್ನದೇ. ಡಾಂಗಲ್ ಅನ್ನು ಪಿಸಿಯ ಹಿಂದೆ, ಹಾರ್ಡ್ ಡಿಸ್ಕ್ ಚುಚ್ಚಿದ್ದ ಯುಎಸ್‌ಬಿ 3.0 ಪೋರ್ಟ್‌ನ ಪಕ್ಕಕ್ಕೇ ಹಾಕಿದೆ. ಬಾಣ ಆಗಾಗ ಮುಗ್ಗರಿಸುತ್ತಿತ್ತು. ಸೆಕೆಂಡಿಗೆ 1000 ಸಲ ವರದಿ ಕಳಿಸಬೇಕಾದ ಮೌಸ್ 600, 700 ತೋರಿಸುತ್ತಿತ್ತು. ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿಗೂ ಹರಡುತ್ತದೆ, ವೈರ್‌ಲೆಸ್ ಮೌಸ್‌ಗಳು ಮಾತಾಡುವುದು ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಬರೆದು ಎಚ್ಚರಿಸಿತ್ತು. ಡಬ್ಬಿಯಲ್ಲಿದ್ದ ಆ ಪುಟ್ಟ ಅಡಾಪ್ಟರ್ ಯಾಕೆ ಅಂತ ಆಗ ಅರ್ಥವಾಯಿತು. ಕೇಬಲ್ ಎಳೆದು ಡಾಂಗಲ್ ಅನ್ನು ಪ್ಯಾಡ್ ಪಕ್ಕಕ್ಕೇ ತಂದಿಟ್ಟೆ. ಅಲ್ಲಿಂದ 990ರ ಕೆಳಗೆ ಇಳಿದಿದ್ದನ್ನು ನಾನು ನೋಡಿಲ್ಲ.

ಕ್ಲಿಕ್ ಗಟ್ಟಿ, ಸ್ವಲ್ಪ ಜೋರು ಸದ್ದು. ಎಡಗಡೆ ಮತ್ತು ಬಲಗಡೆ ಒಂದೇ ಥರ ಇಲ್ಲ, ಬಲಗಡೆಯದು ಒಂದು ಚೂರು ಮೆತ್ತಗಿದೆ. ಇಲ್ಲಿ ಒಂದು ಆಟ ಆಡಿದೆ. ಗುಂಡಿ ಒತ್ತಿದಾಗ ಒಳಗಿನ ಲೋಹದ ಎಲೆ ಬಡಿದು, ಪುಟಿದು, ಮತ್ತೆ ಬಡಿದು ನಿಲ್ಲುತ್ತದೆ. ಆ ಪುಟಿತವನ್ನು ಇನ್ನೊಂದು ಕ್ಲಿಕ್ ಅಂತ ಎಣಿಸದಿರಲಿ ಅಂತ ಮೌಸ್ ಕೆಲವು ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳುತ್ತದೆ. ಇದೇ ಡಿಬೌನ್ಸ್. ಬಂದಾಗ 8 ಮಿಲಿಸೆಕೆಂಡ್ ಇತ್ತು. ವೇಗದ ಆಸೆಗೆ 1ಕ್ಕೆ ಇಳಿಸಿದೆ. ಸಂಜೆಗೇ ನನ್ನ ಹಳೇ ರೋಗ ಹೊಸ ಮೌಸ್‌ಗೂ ಬಂತು, ಒಂದು ಒತ್ತಿಗೆ ಎರಡು ಗುಂಡು. 4ಕ್ಕೆ ಏರಿಸಿದ ಮೇಲೆ ಮತ್ತೆ ಕಾಣಿಸಿಲ್ಲ. ಏಳು ಮಿಲಿಸೆಕೆಂಡ್ ಉಳಿಸಿ ನಾನು ಏನು ಸಾಧಿಸುತ್ತಿದ್ದೆನೋ, ದೇವರಿಗೇ ಗೊತ್ತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ವಿಷಯ ಗಮನಿಸಿದಿರಾ? ಅಳೆಯಲು ಬರುವುದೆಲ್ಲ ಚೆನ್ನಾಗಿದೆ. ತೂಕ, ಸೆನ್ಸರ್, ವರದಿಯ ವೇಗ, ಎತ್ತುವ ಎತ್ತರ. ರಿವ್ಯೂಗಳಲ್ಲಿ ಪಟ್ಟಿ ಹಾಕಿ ಅಂಕ ಕೊಡುವುದು ಇವಕ್ಕೇ. ಅದು ಈ ಮೌಸ್ ಮಾಡಿಸಿದ ರಿವ್ಯೂನವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಅಲ್ವಾ? ಅಗ್ಗದ ಮೌಸ್ ಅಂದ ಮೇಲೆ ಎಲ್ಲೋ ಒಂದು ಕಡೆ ಉಳಿಸಲೇಬೇಕು. ಉಳಿಸಿದ್ದು ಪಟ್ಟಿಗೆ ಬಾರದ ಜಾಗಗಳಲ್ಲಿ.

ಮೊದಲನೆಯದು ಎಡಗಡೆಯ ಜೋಡಣೆ. ಮೇಲಿನ ಚಿಪ್ಪು ಪಕ್ಕದ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಅಂಚು ಎದ್ದಿದೆ. ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳು ಸರಿಯಾಗಿ ಅದರ ಮೇಲೇ ಕೂರುತ್ತದೆ. ಅರ್ಧ ಗಂಟೆ ಆಡಿದ ಮೇಲೆ ಬೆರಳಿನ ಮೇಲೆ ಕೆಂಪು ಗೆರೆ ಮೂಡುತ್ತಿತ್ತು. 1000 ನಂಬರಿನ ಮರಳು ಕಾಗದದ ಸಣ್ಣ ತುಂಡನ್ನು ಒದ್ದೆ ಮಾಡಿ, ಆ ಅಂಚನ್ನು ಒಂದೇ ದಿಕ್ಕಿಗೆ ಉಜ್ಜಿದೆ. ಪಕ್ಕದ ಜಾಗಕ್ಕೆ ತಾಗದಿರಲಿ ಅಂತ ಟೇಪ್ ಅಂಟಿಸಿಕೊಂಡಿದ್ದೆ. ನೀರು ಒಳಗೆ ಇಳಿಯಬಾರದು, ಕಾಗದ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಐದು ನಿಮಿಷದ ಕೆಲಸ. ಈಗ ಅಲ್ಲಿ ಬೆರಳಗಲ ಜಾಗ ಮಿರಮಿರ ಹೊಳೆಯುತ್ತದೆ, ನೋಡಲು ಚೆನ್ನಾಗಿಲ್ಲ. ಹೆಬ್ಬೆರಳಿಗೆ ಏನೂ ತಿಳಿಯುವುದಿಲ್ಲ.

ಸ್ಕೇಟ್‌ಗಳ ಅಂಚೂ ಹಾಗೇ, ಕತ್ತರಿಸಿದ ಹಾಗೇ ಬಿಟ್ಟಿದ್ದಾರೆ, ಉರುಟು ಮಾಡಿಲ್ಲ. ಬಟ್ಟೆಯ ಪ್ಯಾಡ್ ಮೇಲೆ ಮೊದಲ ಮೂರು ದಿನ ಕರಕರ ಅನ್ನುತ್ತಿತ್ತು. ಟೆಫ್ಲಾನ್ ಜಾತಿಯ ವಸ್ತು ಮೆತ್ತಗಿರುವುದರಿಂದ ಉಜ್ಜಿ ಉಜ್ಜಿ ತಾನೇ ಸರಿಹೋಯಿತು. ಇದಕ್ಕೆ ನಾನೇನೂ ಮಾಡಲಿಲ್ಲ, ಸುಮ್ನೆ ಬಳಸಿದೆ. ಬ್ಯಾಟರಿ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕೆಯನ್ನೂ ನಂಬಬೇಡಿ. 40ರಿಂದ ನೇರ 15ಕ್ಕೆ ಜಿಗಿಯಿತು. ಐದನೇ ದಿನ ಚಾರ್ಜ್‌ಗೆ ಹಾಕಿಬಿಟ್ಟರೆ ತಲೆನೋವಿಲ್ಲ.

ಸರಿಹೋಗದ ಒಂದು ತೊಂದರೆ ಅಂದರೆ ಚಕ್ರ. ಅದು ಎಡಕ್ಕೂ ಬಲಕ್ಕೂ ಸ್ವಲ್ಪ ಅಲ್ಲಾಡುತ್ತದೆ, ಅದನ್ನು ಸಹಿಸಬಹುದು. ಬೇಗ ಕೆಳಗೆ ತಿರುಗಿಸಿದಾಗ ಹತ್ತಿಪ್ಪತ್ತು ಸಲಕ್ಕೊಮ್ಮೆ ಒಂದು ಹೆಜ್ಜೆ ಮೇಲಕ್ಕೆ ಓದುತ್ತದೆ. ಉದ್ದದ ಪುಟ ಓದುವಾಗ ಪುಟ ಬಿಕ್ಕಳಿಸಿದ ಹಾಗೆ ಕಾಣುತ್ತದೆ. ಓದುವಾಗ ಬಿಡಿ, ಆಟದಲ್ಲಿ ನಾನು ಚಕ್ರ ಕೆಳಗೆ ತಿರುಗಿಸಿದರೆ ಜಿಗಿತ, ಮೇಲೆ ತಿರುಗಿಸಿದರೆ ಬಂದೂಕು ಬದಲು ಅಂತ ಇಟ್ಟುಕೊಂಡಿದ್ದೆ. ಗೋಡೆ ಹಾರಲು ಹೋಗಿ, ಗಾಳಿಯಲ್ಲಿರುವಾಗ ಕೈಗೆ ಚಾಕು ಬಂದು, ಕೆಳಗೆ ಕಾಯುತ್ತಿದ್ದವನು ನನ್ನನ್ನು ಹೊಡೆದು ಹಾಕಿದ್ದು ಎರಡು ಸಲ. ಎರಡನೇ ಸಲ ಅವನು ಕೊಂಚ ತಡೆದು, ನನ್ನ ಚಾಕು ನೋಡಿಯೇ ಹೊಡೆದ ಅಂತ ನನ್ನ ಅನುಮಾನ.

ಮಾರಿದವರಿಗೆ ಬರೆದೆ. ಚಕ್ರ ತಿರುಗುವ ಚಿಕ್ಕ ವಿಡಿಯೋ ಕೇಳಿದರು, ಕಳಿಸಿದೆ. ಮೌಸ್ ವಾಪಸ್ ಕಳಿಸಿ, ಬೇರೆ ಕಳಿಸುತ್ತೇವೆ ಅಂದರು. ಮಾತು ಸರಿಯಾಗಿಯೇ ಇತ್ತು. ಆದರೆ ಇದು ಹೋಗಿ ಅದು ಬರುವವರೆಗೆ ನಾನು ಆ ಡಬಲ್ ಕ್ಲಿಕ್ ಮೌಸ್ ಜೊತೆ ಸಂಸಾರ ಮಾಡಬೇಕು. ಅದಕ್ಕೆ ಇನ್ನೂ ಪ್ಯಾಕ್ ಮಾಡಿಲ್ಲ. ಬಂದೂಕು ಬದಲಿಸುವುದನ್ನು ಚಕ್ರದಿಂದ ತೆಗೆದು ಅಂಕಿಗಳ ಕೀಗೆ ಹಾಕಿದ್ದೇನೆ. ಜಿಗಿತ ಸ್ಪೇಸ್ ಬಾರ್‌ಗೆ ಹೋಗಿದೆ. ಹೆಬ್ಬೆರಳು ಮಾತ್ರ ಇನ್ನೂ ಮರೆಯುತ್ತದೆ. ಗೋಡೆ ಎದುರಿಗೆ ಬಂದಾಗ ತೋರುಬೆರಳು ತಾನಾಗಿ ಚಕ್ರಕ್ಕೆ ಹೋಗುತ್ತದೆ, ನಾನು ಗೋಡೆಗೆ ಮುಖ ಒತ್ತಿ ನಿಂತಿರುತ್ತೇನೆ.