ಮುಂಗಡ ಟಿಕೆಟ್ ಮಾರಿ ಚಿತ್ರ ಮುಗಿಸಿದ ಲೆಕ್ಕ: ನನ್ನ ಅನುಭವ

ಶರಾವತಿ ಹಿನ್ನೀರಿನಲ್ಲಿ ಜನ, ವಾಹನಗಳನ್ನು ದಾಟಿಸುವ ಲಾಂಚ್‌ನಲ್ಲಿಯೇ ಬಹುಪಾಲು ನಡೆಯುವ ನನ್ನ 90 ನಿಮಿಷದ ಚಿತ್ರಕ್ಕೆ ಗುರುತಿನ ನಟರಿರಲಿಲ್ಲ, ಹಾಡಿರಲಿಲ್ಲ, ವಿತರಕರಂತೂ ಇರಲೇ ಇಲ್ಲ. ಅದನ್ನು ಅಂತರ್ಜಾಲದ ಗುಂಪುಗಳಿಂದ ಹಣ ಎತ್ತಿ ಮುಗಿಸುತ್ತೇನೆ, ಅದೇ ಗುಂಪುಗಳಿಗೆ ಊರೂರಿನಲ್ಲಿ ಟಿಕೆಟ್ ಮಾರಿ ತೋರಿಸುತ್ತೇನೆ ಎಂದಾಗ, ಗಾಂಧಿನಗರದಲ್ಲಿ ಬಹಳ ವರ್ಷ ದುಡಿದ ನಿರ್ಮಾಣ ವ್ಯವಸ್ಥಾಪಕರೊಬ್ಬರು “ವಾಟ್ಸಾಪಲ್ಲಿ ಹಬ್ಬದ ಶುಭಾಶಯ ಬರುತ್ತೆ ಕಣಯ್ಯ, ದುಡ್ಡು ಬರಲ್ಲ” ಎಂದಿದ್ದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಸಿನಿಮಾ ಗುಂಪುಗಳಿಂದ ನನಗೆ ದುಡ್ಡು ಬರಲಿಲ್ಲ. ಸಿನಿಮಾಕ್ಕೆ ಸಂಬಂಧವೇ ಇಲ್ಲದ ಗುಂಪುಗಳಿಂದ ಬಂತು. ಒಟ್ಟು 17 ಲಕ್ಷದಷ್ಟು ಖರ್ಚಾದ ಚಿತ್ರಕ್ಕೆ ಈವರೆಗೆ 13ರಿಂದ 14 ಲಕ್ಷ ಹಿಂತಿರುಗಿದೆ. ಡಿಜಿಟಲ್ ಹಕ್ಕು ಇನ್ನೂ ನನ್ನ ಕೈಯಲ್ಲಿಯೇ ಇದೆ. ಇಷ್ಟೇ ಬಂಡವಾಳದಲ್ಲಿ ಶುಕ್ರವಾರ ತೆರೆಗೆ ಬಂದು ಮುಂದಿನ ಗುರುವಾರದೊಳಗೆ ಎತ್ತಂಗಡಿಯಾದ ಚಿತ್ರಗಳ ಲೆಕ್ಕ ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಜನರಿಂದ ಹಣ ಎತ್ತುವ ಮಾತು ಬಂದಾಗಲೆಲ್ಲ ನಮ್ಮಲ್ಲಿ 2013ರ ‘ಲೂಸಿಯಾ’ದ ಹೆಸರು ಬರುತ್ತದೆ. 110 ಮಂದಿ ಸೇರಿ 51 ಲಕ್ಷ ರೂಪಾಯಿ ಕೊಟ್ಟ ಆ ಉದಾಹರಣೆಯನ್ನು ನಾನೂ ಬಹಳ ದಿನ ಎದುರಿಗಿಟ್ಟುಕೊಂಡಿದ್ದೆ. ಆದರೆ ಅದರ ನಿರ್ದೇಶಕರ ಹಿಂದೆ ಜನ ಆಗಲೇ ನೋಡಿ ಮೆಚ್ಚಿದ್ದ ಒಂದು ಚಿತ್ರವಿತ್ತು, ಕನ್ನಡಕ್ಕೆ ಆ ಬಗೆಯ ಪ್ರಯತ್ನವೇ ಹೊಸದಾಗಿತ್ತು. ಹತ್ತು ವರ್ಷಗಳ ನಂತರ, ಹೆಸರಿಲ್ಲದವನೊಬ್ಬ ಅದೇ ದಾರಿಯಲ್ಲಿ ಹೊರಟರೆ ಎಷ್ಟು ಸಿಗುತ್ತದೆ ಎಂಬುದಕ್ಕೆ ನನ್ನ ಅಂಕಿ ಹೀಗಿದೆ: ದೇಣಿಗೆ ಸಂಗ್ರಹಿಸುವ ತಾಣವೊಂದರಲ್ಲಿ 8 ಲಕ್ಷದ ಗುರಿ ಇಟ್ಟೆ, 70 ಸಾವಿರದ ಹತ್ತಿರ ಬಂತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಸೋದರಮಾವಂದಿರು ಮತ್ತು ಕಾಲೇಜಿನ ಗೆಳೆಯರು ಕೊಟ್ಟದ್ದು. ತಾಣದವರು ತಮ್ಮ ಪಾಲನ್ನು ಮೊದಲೇ ಮುರಿದುಕೊಂಡರು.

ಸಿನಿಮಾ ಗುಂಪುಗಳ ಕಥೆಯನ್ನು ಬೇಗ ಮುಗಿಸುತ್ತೇನೆ. 40–50 ಸಾವಿರ ಸದಸ್ಯರಿರುವ ಎರಡು ಫೇಸ್‌ಬುಕ್ ಗುಂಪುಗಳಲ್ಲಿ ಪೋಸ್ಟರ್ ಹಾಕಿದರೆ ಸಾವಿರಾರು ಮೆಚ್ಚುಗೆ ಬೀಳುತ್ತಿತ್ತು. ಟಿಕೆಟ್‌ನ ಕೊಂಡಿ ಹಾಕಿದ ದಿನ ಎರಡಂಕಿಯನ್ನೂ ದಾಟುತ್ತಿರಲಿಲ್ಲ. ಅಲ್ಲಿನವರು ಚಿತ್ರದ ಬಗ್ಗೆ ಮಾತನಾಡುವುದಕ್ಕಾಗಿ ಸೇರಿದವರೇ ಹೊರತು ಚಿತ್ರ ನೋಡುವುದಕ್ಕಾಗಿ ಸೇರಿದವರಲ್ಲ. ಟ್ರೇಲರ್‌ನ ಕೆಳಗೆ ಇಬ್ಬರು ನಟರ ಅಭಿಮಾನಿಗಳು ತಮ್ಮ ಹಳೆಯ ಜಗಳವನ್ನು ಮುಂದುವರಿಸಿದರು. ಪುಟ ನಡೆಸುವವರು ದರಪಟ್ಟಿ ಕಳುಹಿಸಿದರು: ಒಂದು ಪೋಸ್ಟ್‌ಗೆ 3 ಸಾವಿರದಿಂದ 15 ಸಾವಿರದವರೆಗೆ, ‘ಪ್ರಾಮಾಣಿಕ ವಿಮರ್ಶೆ’ಗೆ ಬೇರೆ ದರ. ಕೊಡದೆ ಹೋದರೆ ಮೊದಲ ದಿನವೇ ರೇಟಿಂಗ್ ಬೀಳುತ್ತದೆ ಎಂಬ ಸೂಚನೆಯೂ ಅದರಲ್ಲಿತ್ತು. ನಾನು ಕೊಡಲಿಲ್ಲ, ತತ್ವಕ್ಕಿಂತ ಹೆಚ್ಚಾಗಿ ಕೈಯಲ್ಲಿ ದುಡ್ಡಿರಲಿಲ್ಲ.

ಚಿತ್ರೀಕರಣ ಮುಗಿಯುವ ಹೊತ್ತಿಗೆ ನನ್ನ ಮತ್ತು ಇಬ್ಬರು ಪಾಲುದಾರರ 9 ಲಕ್ಷ ಕರಗಿತ್ತು. ಸಂಕಲನ, ಶಬ್ದ ಮಿಶ್ರಣ, ಬಣ್ಣ, ಸೆನ್ಸಾರ್ ಪ್ರಮಾಣಪತ್ರ, ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿಯಾದ ಡಿಸಿಪಿ ಎಲ್ಲ ಬಾಕಿ. ಆಗ ಕೈಹಿಡಿದದ್ದು ಮುಳುಗಡೆ ಕುಟುಂಬಗಳ ಒಂದು ವಾಟ್ಸಾಪ್ ಗುಂಪು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದು, ಹಿನ್ನೀರಿನಲ್ಲಿ ಊರು ಮುಳುಗಿ ಹೊರಟವರ ಮೊಮ್ಮಕ್ಕಳು ಇಂದು ಬೆಂಗಳೂರು, ಪುಣೆ, ಡಲ್ಲಾಸ್‌ಗಳಲ್ಲಿದ್ದಾರೆ. ನೀರು ಇಳಿದ ಬೇಸಿಗೆಗಳಲ್ಲಿ ಆ ಹಿನ್ನೀರಿನಡಿ ಮುಳುಗಿರುವ ಹಳೆಯ ಮಡೆನೂರು ಅಣೆಕಟ್ಟೆ ಮೇಲೆದ್ದಾಗ ಅದರ ಚಿತ್ರಗಳು ಇಂಥ ಗುಂಪುಗಳಲ್ಲಿ ರಾತ್ರಿಯಿಡೀ ಓಡಾಡುತ್ತವೆ, ಯಾರ ಮನೆ ಎಲ್ಲಿತ್ತು, ಯಾವ ದೇವರನ್ನು ಯಾರು ಎತ್ತಿಕೊಂಡು ಹೋದರು ಎಂಬ ಚರ್ಚೆ ನಡೆಯುತ್ತದೆ. ನಾನು ಅಲ್ಲಿಗೆ ಮೊದಲು ಹೋದದ್ದು ಹಣಕ್ಕಾಗಿ ಅಲ್ಲ, ಕಲಾ ನಿರ್ದೇಶನಕ್ಕೆ ಹಳೆಯ ಲಾಂಚಿನ ಚಿತ್ರಗಳು ಬೇಕಾಗಿ. ಒಂದು ವಾರದೊಳಗೆ ನೂರಾರು ಚಿತ್ರಗಳು ಬಂದವು. ನಿವೃತ್ತ ಶಿಕ್ಷಕರೊಬ್ಬರು ತಮ್ಮ ತಂದೆಗೆ ಬಂದಿದ್ದ ಪರಿಹಾರದ ನೋಟಿಸನ್ನೇ ಸ್ಕ್ಯಾನ್ ಮಾಡಿ ಕಳುಹಿಸಿದರು, ಅದು ಚಿತ್ರದಲ್ಲಿದೆ. ಪ್ರತಿಯೊಂದು ಚಿತ್ರಕ್ಕೂ ಕಳುಹಿಸಿದವರ ಊರಿನ ಹೆಸರನ್ನು ಶೀರ್ಷಿಕೆಗಳಲ್ಲಿ ಹಾಕುತ್ತೇನೆ ಎಂದು ಬರೆದು ಕೊಟ್ಟೆ. ಮುಳುಗಿದ ಊರಿನ ಹೆಸರು, ಈಗಿನ ವಿಳಾಸವಲ್ಲ. ಇದರ ಪರಿಣಾಮವನ್ನು ನಾನು ಊಹಿಸಿದ್ದೆ ಎಂದು ಸ್ವಲ್ಪ ಜಂಭದಿಂದಲೇ ಹೇಳುತ್ತೇನೆ. ನನ್ನ ಪಾಲುದಾರರು ನಂಬಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಹಣದ ಮಾತು ಎತ್ತಿದೆ. ದೇಣಿಗೆ ಬೇಡ, ಲಾಭದ ಪಾಲು ಕೊಡುವುದಿಲ್ಲ, 2,000 ರೂಪಾಯಿಗೆ ನಾಲ್ಕು ಮುಂಗಡ ಟಿಕೆಟ್ ಮತ್ತು ಶೀರ್ಷಿಕೆಯಲ್ಲಿ ಅಜ್ಜ ಅಥವಾ ಅಜ್ಜಿಯ ಹೆಸರು ಎಂದೆ. 150ರ ಆಸುಪಾಸು ಮಂದಿ ಕೊಟ್ಟರು. 3 ಲಕ್ಷ ಕೂಡಿತು. ಲಾಭದ ಪಾಲು ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೆ, ಏಕೆಂದರೆ ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಲಾಭದ ಆಸೆ ತೋರಿಸಿ ಹಣ ಎತ್ತಿದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳಿಗೆ ಉತ್ತರ ಕೊಡಬೇಕಾಗುತ್ತದೆ. ದೇಣಿಗೆ ಬೇಡ ಎಂದದ್ದಕ್ಕೆ ಕಾರಣ ಹೊರದೇಶದ ಹಣ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ತೊಡಕಿಲ್ಲ. ಅಮೆರಿಕದ ಪೌರತ್ವ ಪಡೆದವರು ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಹೊಂದಿದ್ದರೂ ವಿದೇಶಿ ದೇಣಿಗೆಯ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ಮೂಲವೇ ಆಗುತ್ತಾರೆ. ಸರಕು ಸೇವೆಗಳ ಮಾಮೂಲು ವ್ಯಾಪಾರದ ಹಣಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ. ಹಾಗಾಗಿ ಎಲ್ಲಕ್ಕೂ ಬಿಲ್ ಇತ್ತು. ಲೆಕ್ಕಪರಿಶೋಧಕರಿಗೆ ಕೊಟ್ಟ 15 ಸಾವಿರ ಈ ಚಿತ್ರದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು.

ತಾಂತ್ರಿಕ ಗುಂಪುಗಳು ಬೇರೆಯೇ ಜಾತಿ. ಅವುಗಳಿಂದ ನನಗಾದ ಲಾಭವನ್ನು ರೂಪಾಯಿಯಲ್ಲಿ ಹೇಳುವುದಾದರೆ ಲಕ್ಷವಾದರೂ ಆದೀತು, ಆದರೆ ಉತ್ತರ ಕೊಡುವವರು ಯಾವ ದೇಶದವರು ಎಂದು ನೋಡದೆ ಪಾಲಿಸಿದರೆ ನಷ್ಟ ಖಚಿತ. ಲಾಂಚ್ ನಿಲ್ದಾಣದ ಟ್ಯೂಬ್‌ಲೈಟ್ ಕೆಳಗಿನ ದೃಶ್ಯಗಳಲ್ಲಿ ಬೆಳಕು ಮಿನುಗುತ್ತಿತ್ತು. ಪ್ರತಿ ಚೌಕಟ್ಟಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂದು ನಿರ್ಧರಿಸುವ ಷಟರ್ ಕೋನವನ್ನು 144 ಡಿಗ್ರಿಗೆ ಇಡಿ ಎಂದು ಅಂತರರಾಷ್ಟ್ರೀಯ ಗುಂಪೊಂದರಲ್ಲಿ ಆರೇಳು ಮಂದಿ ಒಕ್ಕೊರಲಿನಿಂದ ಬರೆದರು. ಅದು 60 ಹರ್ಟ್ಸ್ ವಿದ್ಯುತ್ ಇರುವ ದೇಶಗಳಿಗೆ ಸರಿಯಾದ ಉತ್ತರ. ನಮ್ಮದು 50 ಹರ್ಟ್ಸ್. ಸೆಕೆಂಡಿಗೆ 24 ಚೌಕಟ್ಟುಗಳ (ಫ್ರೇಮ್) ಚಿತ್ರೀಕರಣಕ್ಕೆ 172.8 ಡಿಗ್ರಿ ಇಟ್ಟರೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು ಬೆಳಕು ಸಿಕ್ಕಿ ಮಿನುಗು ನಿಲ್ಲುತ್ತದೆ. ಇದನ್ನು ಹೇಳಿದ್ದು 200 ಜನರೂ ಇಲ್ಲದ, ಮಲಯಾಳಿ ಛಾಯಾಗ್ರಾಹಕರ ಒಂದು ಟೆಲಿಗ್ರಾಂ ಗುಂಪು. ಲಾಂಚಿನ ಎಂಜಿನ್ ಸದ್ದಿನಡಿ ಹೂತುಹೋದ ಸಂಭಾಷಣೆಯನ್ನು ಮೇಲೆತ್ತಲು ನೆರವಾದವರೂ ಅದೇ ಗುಂಪಿನ ಒಬ್ಬ ಶಬ್ದಗ್ರಾಹಕರು. ಎಂಜಿನ್ನಿನ ಸದ್ದನ್ನು ಬೇರೆ ಬೇರೆ ವೇಗದಲ್ಲಿ ಪ್ರತ್ಯೇಕವಾಗಿ ಮುದ್ರಿಸಿಕೊಂಡು ಬಾ, ತೆಗೆಯುವುದಕ್ಕಿಂತ ಮುಚ್ಚುವುದು ಸುಲಭ ಎಂದರು. ಡಿಸಿಪಿಯನ್ನು ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ನಾವೇ ಮಾಡಿದೆವು, ಅದರ ಬಳಕೆದಾರರ ಗುಂಪು ಇಲ್ಲದಿದ್ದರೆ ಉಪಶೀರ್ಷಿಕೆಯ ಕನ್ನಡ ಒತ್ತಕ್ಷರಗಳು ಇಂದಿಗೂ ಒಡೆದೇ ಇರುತ್ತಿದ್ದವು.

ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ಗುಂಪುಗಳ ಮಾತನ್ನು ಕೇಳಲೇಬಾರದು. ಲಾಂಚ್ ಏರುವ ಎರಡು ಹಸುಗಳ ದೃಶ್ಯಕ್ಕೆ ಯಾರೂ ಏನೂ ಕೇಳುವುದಿಲ್ಲ ಎಂದು ಅನುಭವಿಗಳೆನಿಸಿಕೊಂಡವರೇ ಬರೆದಿದ್ದರು. ಪ್ರಾಣಿ ಕಲ್ಯಾಣ ಮಂಡಳಿಯ ಕಾಗದವಿಲ್ಲದೆ ಸೆನ್ಸಾರ್ ಮುಂದೆ ಹೋಗುವುದಿಲ್ಲ ಎಂಬುದು ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತಿರುವುದೇ. ಪೂರ್ವಾನುಮತಿ ಪಡೆದೇ ಚಿತ್ರೀಕರಿಸಿದೆವು.

ಒರಟು ಸಂಕಲನವನ್ನು ಗುಂಪಿಗೆ ತೋರಿಸಿ ಅಭಿಪ್ರಾಯ ಕೇಳುವುದು ಒಂದು ರೂಢಿಯಾಗಿದೆ. ನಾನು 60 ಮಂದಿಗೆ ಗುಪ್ತಪದವಿರುವ ಕೊಂಡಿ ಕಳುಹಿಸಿದೆ. ಸೋರಿದರೆ ಯಾರಿಂದ ಎಂದು ತಿಳಿಯಲು ಒಬ್ಬೊಬ್ಬರ ಪ್ರತಿಯಲ್ಲೂ ಅವರವರ ಗುರುತು ಇತ್ತು. ಗುರುತನ್ನು ಎಲ್ಲಿ, ಎಷ್ಟು ಹೊತ್ತು ಇಡುತ್ತೇನೆ ಎಂಬುದನ್ನು ಹೇಳಲಾರೆ, ಮುಂದಿನ ಚಿತ್ರಕ್ಕೂ ಅದು ಬೇಕು. 30 ಮಂದಿ ಉತ್ತರಿಸಿದರು, 30 ಚಿತ್ರಗಳಾಗುವಷ್ಟು ಸಲಹೆ ಬಂತು. ಉಪಯೋಗಕ್ಕೆ ಬಂದದ್ದು ಸಲಹೆಗಳಲ್ಲ, ಎಷ್ಟನೇ ನಿಮಿಷದಲ್ಲಿ ನೋಡುವುದನ್ನು ನಿಲ್ಲಿಸಿದರು ಎಂಬ ಅಂಕಿ: ಬಹಳ ಮಂದಿ 38–40ನೇ ನಿಮಿಷದ ಹತ್ತಿರ ಎದ್ದುಹೋಗಿದ್ದರು. ಅಲ್ಲಿಂದ 7 ನಿಮಿಷ ಕತ್ತರಿಸಿದೆ.

ಚಿತ್ರೋತ್ಸವಗಳ ಹೆಸರಿನಲ್ಲಿ ಹಣ ಕೀಳುವ ಗುಂಪುಗಳೂ ಇವೆ. ತಿಂಗಳಿಗೊಮ್ಮೆ ಪ್ರಶಸ್ತಿ ಕೊಡುವ, ಪ್ರದರ್ಶನವೇ ನಡೆಯದ ಉತ್ಸವಗಳಿಗೆ ಪರಸ್ಪರ ಶಿಫಾರಸು ಮಾಡಿಕೊಳ್ಳುವ ನಿರ್ದೇಶಕರ ಬಳಗ ಅದು. ಪ್ರವೇಶ ಶುಲ್ಕಕ್ಕೆಂದು ನಮ್ಮ ಕೈಯಿಂದ 25 ಸಾವಿರ ಹೋಯಿತು. ಪೋಸ್ಟರ್ ಮೇಲೆ ಉತ್ಸವಗಳು ಕೊಡುವ ಎರಡು ಎಲೆಯ ಮುದ್ರೆಗಳು ಬಂದವು, ಅವುಗಳನ್ನು ನೋಡಿ ಸಾಗರ ಪಟ್ಟಣದಲ್ಲಿ ಯಾರೂ ಟಿಕೆಟ್ ಕೊಂಡಂತೆ ಕಾಣಲಿಲ್ಲ.

ಈಗ ಪ್ರದರ್ಶನದ ಲೆಕ್ಕ. ಶುಕ್ರವಾರದ ಬಿಡುಗಡೆಗೆ ನಾನು ಹೋಗಲೇ ಇಲ್ಲ. ಬೆಳಗಿನ ಹತ್ತು ಗಂಟೆಯ ಒಂದು ಆಟ ಕೊಟ್ಟು, ಜನ ಬರಲಿಲ್ಲವೆಂದು ಸೋಮವಾರ ತೆಗೆಯುವ ಪದ್ಧತಿಗೆ ಪೋಸ್ಟರ್, ಪ್ರಚಾರ ಎಲ್ಲ ಸೇರಿ 5 ಲಕ್ಷ ಸುರಿಯುವುದಕ್ಕಿಂತ ಚಿತ್ರಮಂದಿರವನ್ನು ಒಂದೇ ಆಟಕ್ಕೆ ಬಾಡಿಗೆಗೆ ಹಿಡಿಯುವುದು ಲೇಸೆನಿಸಿತು. ಊರಿಗೊಬ್ಬ ಹೊಣೆಗಾರರನ್ನು ಗುಂಪಿನಿಂದಲೇ ಆರಿಸಿದೆ. ಮುಕ್ಕಾಲು ಆಸನಗಳ ಹಣ ಯುಪಿಐ ಮೂಲಕ ಬಂದು ಸೇರುವವರೆಗೆ ಮಂದಿರಕ್ಕೆ ಮುಂಗಡ ಕೊಡುವುದಿಲ್ಲ; ಹತ್ತು ದಿನದೊಳಗೆ ಅಷ್ಟು ಸೇರದಿದ್ದರೆ ಎಲ್ಲರಿಗೂ ವಾಪಸು. ಭದ್ರಾವತಿಯಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಒಮ್ಮೆ ಹೀಗೆ ವಾಪಸು ಕೊಟ್ಟದ್ದರಿಂದಲೇ ಉಳಿದ ಊರುಗಳಲ್ಲಿ ನಂಬಿಕೆ ಹುಟ್ಟಿತು. ಮೊದಲ 60 ಟಿಕೆಟ್‌ಗಳಿಗೆ ಹೊಣೆಗಾರರಿಗೆ ಏನೂ ಇಲ್ಲ, ಅನಂತರದ ಪ್ರತಿ ಟಿಕೆಟ್‌ಗೆ 10 ರೂಪಾಯಿ. ಹೆಚ್ಚಿನವರು ಅದನ್ನೂ ಬೇಡವೆಂದರು. ಹೊಣೆಗಾರರನ್ನು ಗುರುತಿಸುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಗುಂಪಿನ ಅಡ್ಮಿನ್ ಆಗಿರಬಾರದು, ಅತಿಯಾಗಿ ಬರೆಯುವವರೂ ಆಗಿರಬಾರದು ಎಂಬಷ್ಟು ಸಾಕು.

ಸಾಗರದ ಒಂಟಿ ಪರದೆಯ ಮಂದಿರದಲ್ಲಿ 400ರಷ್ಟು ಆಸನ, ಟಿಕೆಟ್ 100 ರೂಪಾಯಿ. ಆಗ 100 ರೂಪಾಯಿಯವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 12, ಒಂದು ರೂಪಾಯಿ ಮೇಲೆ ಹೋದರೂ ಶೇ 18. ಆದ್ದರಿಂದ 100ರಲ್ಲೇ ನಿಂತೆ. ತೆರಿಗೆ, ಬಾಡಿಗೆ 12 ಸಾವಿರ, ಡಿಜಿಟಲ್ ಶುಲ್ಕ 3 ಸಾವಿರ ಕಳೆದು ತುಂಬಿದ ಆಟಕ್ಕೆ 20 ಸಾವಿರ ಉಳಿಯುತ್ತಿತ್ತು. ಬೆಂಗಳೂರಿನ ಮಾಲ್‌ನಲ್ಲಿ 190 ಆಸನ, 200 ರೂಪಾಯಿ ಟಿಕೆಟ್, ಆದರೂ ಉಳಿದದ್ದು 9 ಸಾವಿರದ ಒಳಗೆ. ರಾಜಧಾನಿಯಲ್ಲಿ ತೋರಿಸುವುದು ಪತ್ರಿಕೆಯವರಿಗಾಗಿ, ಹಣ ಇರುವುದು ತಾಲ್ಲೂಕಿನಲ್ಲಿ. 40ಕ್ಕಿಂತ ಸ್ವಲ್ಪ ಹೆಚ್ಚು ಆಟಗಳಿಂದ ನಿವ್ವಳ 6.5 ಲಕ್ಷದಷ್ಟು ಬಂತು. ಮುಂಗಡ ಟಿಕೆಟ್‌ನವರು ಕುಳಿತ ಆಸನಗಳನ್ನು ಇದರಲ್ಲಿ ಸೇರಿಸಿಲ್ಲ.

ನಡುವೆ ಒಂದು ಚಪಲದ ಪ್ರಯೋಗವನ್ನೂ ಮಾಡಿದೆ. ಲಾಂಚ್ ದಡ ಬಿಡುವ 40 ಸೆಕೆಂಡಿನ ಲಂಬ ವಿಡಿಯೊವೊಂದನ್ನು ಹಾಕಿದಾಗ 3 ಲಕ್ಷ ಮಂದಿ ನೋಡಿದರು. ಅದರಿಂದ ಮಾರಾಟವಾದ ಟಿಕೆಟ್ 20 ಇದ್ದೀತು. ಮುಳುಗಿದ ಊರೊಂದರ ಶಾಲೆಯ ಮಕ್ಕಳ ಹಳೆಯ ಗುಂಪು ಚಿತ್ರವನ್ನು ಹಾಕಿ ಯಾರಾದರೂ ಗುರುತು ಹಿಡಿಯುವಿರಾ ಎಂದು ಕೇಳಿದಾಗ ನೋಡಿದವರು 2 ಸಾವಿರ, ಆದರೆ ಶಿವಮೊಗ್ಗದ ಒಂದು ಆಟ ಪೂರ್ತಿ ತುಂಬಿತು. ಇದನ್ನೇ ಬೆಂಗಳೂರಿನ ಸಾಹಿತ್ಯದ ಗುಂಪುಗಳಲ್ಲಿ ಮಾಡಿ ನೋಡಿದೆ, ಏನೂ ಆಗಲಿಲ್ಲ.

2025ರ ಜುಲೈನಲ್ಲಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ಪ್ರದರ್ಶನಗಳು ಬಹುತೇಕ ಮುಗಿದಿದ್ದವು. ಲಾಂಚ್ ಇನ್ನು ಬೇಡವಾಯಿತೆಂಬ ಸುದ್ದಿಯಿಂದ ಗುಂಪುಗಳಲ್ಲಿ ಮತ್ತೆ ಕೇಳಿಕೆ ಎದ್ದಿತು, ಹೊರದೇಶದ ಕನ್ನಡ ಕೂಟಗಳೂ ಕೇಳಿದವು. ಕೂಟಗಳಿಗೆ ಒಂದು ಪ್ರದರ್ಶನದ ಪರವಾನಗಿಯನ್ನು ಸುಮಾರು 300 ಡಾಲರ್‌ಗೆ ಮಾರಿದೆ. ಅವರು ಟಿಕೆಟ್ ಇಟ್ಟರೂ ಸರಿ, ಊಟದ ಜೊತೆ ಉಚಿತವಾಗಿ ತೋರಿಸಿದರೂ ಸರಿ. 14–15 ಕೂಟಗಳಿಂದ 3.5 ಲಕ್ಷದಷ್ಟು ಬಂದಿದೆ. ಅವರಲ್ಲಿ ಒಬ್ಬರು ಪ್ರತಿಯನ್ನು ಡ್ರೈವ್‌ನಲ್ಲಿ ಹಂಚಿದರು, ಎರಡು ದಿನದಲ್ಲಿ ಅದು ಟೆಲಿಗ್ರಾಂನಲ್ಲಿತ್ತು. ಗುರುತು ಪತ್ತೆಯಾಗಿ ಕೂಟದವರೇ ಅದನ್ನು ತೆಗೆಸಿ ಇನ್ನೊಂದು ಪರವಾನಗಿಯ ಹಣ ಕಟ್ಟಿಕೊಟ್ಟರು. ಈಗ ಕೂಟಗಳಿಗೆ ಕಡತ ಕಳುಹಿಸುವುದನ್ನು ನಿಲ್ಲಿಸಿ, ಅವರು ಮಂದಿರ ಹಿಡಿದರೆ ಆ ಸರ್ವರ್‌ಗೆ, ಆ ಹೊತ್ತಿಗೆ ಮಾತ್ರ ಚಿತ್ರವನ್ನು ತೆರೆಯುವ ಡಿಜಿಟಲ್ ಕೀಲಿಯಾದ ಕೆಡಿಎಂ ಕೊಡುತ್ತಿದ್ದೇನೆ. ಬೆಲೆ 400 ಡಾಲರ್ ಆಗಿದೆ, ಕೇಳುವವರು ಕಡಿಮೆಯಾಗಿಲ್ಲ.

ಉಳಿದ 3 ಲಕ್ಷಕ್ಕೆ ಡಿಜಿಟಲ್ ಹಕ್ಕಿನ ಮಾತು ನಡೆಯುತ್ತಿದೆ. ನೋಡಿದ ನಿಮಿಷಕ್ಕೆ ಇಷ್ಟೆಂದು ಕೊಡುವ ಕರಾರಿಗೆ ಒಪ್ಪಿಲ್ಲ, ಒಟ್ಟು ಮೊತ್ತ ಕೇಳಿದ್ದೇನೆ. ಮುಂದಿನ ಚಿತ್ರಕ್ಕಾಗಿ ಇನ್ನೊಂದು ಗುಂಪಿಗೆ ಸೇರಿ ಹಲವು ತಿಂಗಳಾಯಿತು. ಅಲ್ಲಿ ಈವರೆಗೆ ಸಿನಿಮಾದ ಮಾತೆತ್ತಿಲ್ಲ. ಯಾವ ಗುಂಪೆಂದು ಹೇಳಿದರೆ ಇದನ್ನು ಓದುವ ನಿರ್ದೇಶಕರಲ್ಲಿ ಅರ್ಧ ಮಂದಿ ನಾಳೆಯೇ ಅಲ್ಲಿಗೆ ಬಂದು ಪೋಸ್ಟರ್ ಹಾಕುತ್ತಾರೆ.